90 ನಿಮಿಷದಿಂದ 96 ಗಂಟೆಗೆ

2006ರಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯದ ಶಾಸನಸಭೆ ಪೆಟ್ರೋಲ್ ಬಂಕುಗಳಿಗಾಗಿ ಒಂದು ಕಾನೂನು ಮಾಡಿತು. ಹೊಸದಾಗಿ ಕಟ್ಟುವ ಬಂಕುಗಳು, ಜೊತೆಗೆ ಚಂಡಮಾರುತದ ವೇಳೆ ಜನ ಊರು ಬಿಟ್ಟು ಹೋಗುವ ಹೆದ್ದಾರಿಗಳ ಪಕ್ಕದ ದೊಡ್ಡ ಬಂಕುಗಳು, ಕರೆಂಟು ಹೋದರೆ ಜನರೇಟರ್ ಜೋಡಿಸಿಕೊಳ್ಳುವುದಕ್ಕೆ ಬೇಕಾದ ವೈರಿಂಗ್ ಮತ್ತು ಸ್ವಿಚ್ಚನ್ನು ಮೊದಲೇ ಹಾಕಿಸಿಕೊಂಡಿರಬೇಕು ಎನ್ನುವುದು ಅದರ ಸಾರ. ಇದಕ್ಕೆ ಕಾರಣವಿತ್ತು. 2004ರಲ್ಲಿ ಆ ರಾಜ್ಯದ ಮೇಲೆ ಒಂದರ ಹಿಂದೊಂದರಂತೆ ನಾಲ್ಕು ಚಂಡಮಾರುತಗಳು ಎರಗಿದ್ದವು. ಮರುವರ್ಷ ಅಕ್ಟೋಬರಿನಲ್ಲಿ ವಿಲ್ಮಾ ಬಂತು. ನೆಲದಡಿಯ ಟ್ಯಾಂಕುಗಳಲ್ಲಿ ಪೆಟ್ರೋಲ್ ಇತ್ತು, ಅದನ್ನು ಮೇಲೆತ್ತಲು ಕರೆಂಟು ಇರಲಿಲ್ಲ. ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು, ಸಿಟ್ಟಾದರು. ಸಿಟ್ಟಾದವರಿಗೆ ಓಟಿತ್ತು, ಕಾರಿತ್ತು, ದನಿಯಿತ್ತು. ಕಾನೂನು ಬಂತು.

ಅದೇ ವರ್ಷ ಅದೇ ಶಾಸನಸಭೆಯ ಮುಂದೆ ನರ್ಸಿಂಗ್ ಹೋಮ್‌ಗಳಲ್ಲಿ ಜನರೇಟರ್ ಇರಬೇಕೆನ್ನುವ ಆಶಯದ ಮಸೂದೆಯೊಂದೂ ಇತ್ತು. ಖರ್ಚು ಯಾರದು ಎಂಬ ತಕರಾರಿನಲ್ಲಿ ಅದು ಬಿದ್ದುಹೋಯಿತು. ಹನ್ನೊಂದು ವರ್ಷಗಳ ನಂತರ ಹಾಲಿವುಡ್ ಎಂಬ ಊರಿನ ಒಂದು ಕಟ್ಟಡದಲ್ಲಿ ಹನ್ನೆರಡು ಮಂದಿ ವೃದ್ಧರು ಸೆಕೆಯಿಂದ ಸತ್ತಾಗ ಪತ್ರಕರ್ತರು ಈ ಬಿದ್ದುಹೋದ ಮಸೂದೆಯನ್ನು ಕಡತಗಳಿಂದ ಹೊರಗೆಳೆದರು. (ಇದು ಸಿನಿಮಾದ ಹಾಲಿವುಡ್ ಅಲ್ಲ, ಮಯಾಮಿಯ ಉತ್ತರಕ್ಕಿರುವ ಕಡಲತೀರದ ಊರು.)

ಮುಂದೆ ಹೋಗುವ ಮುನ್ನ ಒಂದು ಪದದ ಗೊಂದಲ ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ನಾವು ‘ನರ್ಸಿಂಗ್ ಹೋಮ್’ ಎಂದರೆ ಒಬ್ಬಿಬ್ಬರು ಡಾಕ್ಟರು ನಡೆಸುವ ಸಣ್ಣ ಖಾಸಗಿ ಆಸ್ಪತ್ರೆ; ಹೆರಿಗೆಗೋ ಅಪೆಂಡಿಕ್ಸ್ ಆಪರೇಷನ್ನಿಗೋ ಹೋಗುವ ಜಾಗ. ಅಮೆರಿಕದಲ್ಲಿ ಅದೇ ಪದಕ್ಕೆ ಅರ್ಥ ಬೇರೆ. ಅಲ್ಲಿ ಅದು ತಮ್ಮಷ್ಟಕ್ಕೆ ಎದ್ದು ಕೂರಲು, ಉಣ್ಣಲು, ಔಷಧಿ ತೆಗೆದುಕೊಳ್ಳಲು ಆಗದವರು ತಿಂಗಳು, ವರ್ಷಗಳ ಕಾಲ ಇರುವ ಆರೈಕೆಯ ಮನೆ. ನಮ್ಮ ‘ವೃದ್ಧಾಶ್ರಮ’ವೂ ಅದಕ್ಕೆ ಸರಿಯಾಗಿ ಹೊಂದುವುದಿಲ್ಲ. ವೃದ್ಧಾಶ್ರಮ ಎಂದಾಗ ಮನಸ್ಸಿಗೆ ಬರುವುದು ಮಕ್ಕಳು ಬಿಟ್ಟುಹೋದರು ಎಂಬ ಕಥೆ. ಅಮೆರಿಕದ ನರ್ಸಿಂಗ್ ಹೋಮ್ ಅರ್ಧ ಮನೆ, ಅರ್ಧ ಆಸ್ಪತ್ರೆ. ಈ ಅರ್ಧಂಬರ್ಧ ಸ್ಥಿತಿಯೇ ಅದರ ಮುಖ್ಯ ಸಮಸ್ಯೆ ಎಂದು ನನಗನ್ನಿಸುತ್ತದೆ. ಆಸ್ಪತ್ರೆಗೆ ಕೊಡುವ ಆದ್ಯತೆ ಅದಕ್ಕೆ ಸಿಗುವುದಿಲ್ಲ. ಮನೆಯಲ್ಲಿ ಸೆಕೆಯಾದರೆ ಕಿಟಕಿ ತೆರೆದು ಜಗಲಿಗೆ ಬಂದು ಕೂರುವ ಸ್ವಾತಂತ್ರ್ಯವೂ ಅಲ್ಲಿರುವವರಿಗೆ ಇಲ್ಲ.

ಇಂಥ ಜಾಗಗಳಲ್ಲಿ ಬದಲಿ ವಿದ್ಯುತ್ತಿನ ವ್ಯವಸ್ಥೆ ಕಡ್ಡಾಯ ಎಂಬ ವಿಚಾರ ಹುಟ್ಟಿದ್ದು ಸೆಕೆಯಿಂದಲ್ಲ, ಬೆಂಕಿಯಿಂದ. 1957ರ ಫೆಬ್ರವರಿ 17ರಂದು ಮಿಸೌರಿ ರಾಜ್ಯದ ವಾರೆಂಟನ್ ಎಂಬಲ್ಲಿ ಒಂದು ನರ್ಸಿಂಗ್ ಹೋಮ್‌ಗೆ ಬೆಂಕಿ ಬಿದ್ದು 72 ಮಂದಿ ಸತ್ತರು. 1963ರ ನವೆಂಬರ್ 23ರ ನಸುಕಿನಲ್ಲಿ ಒಹಾಯೋದ ಫಿಚ್‌ವಿಲ್‌ನಲ್ಲಿ ಇನ್ನೊಂದು ಸುಟ್ಟುಹೋಗಿ 63 ಮಂದಿ ಸತ್ತರು. ತಾರೀಖನ್ನು ಗಮನಿಸಿ: ಅದು ಅಧ್ಯಕ್ಷ ಕೆನಡಿ ಕೊಲೆಯಾದ ಮರುದಿನ. ಇಡೀ ದೇಶ ಬೇರೊಂದು ಸಾವಿನ ಸುದ್ದಿಯಲ್ಲಿ ಮುಳುಗಿತ್ತು. ಆದರೂ ಅಗ್ನಿಸುರಕ್ಷತೆಯ ಸಂಹಿತೆ ಬರೆಯುವವರು ಇದನ್ನು ಮರೆಯಲಿಲ್ಲ. 1965ರ ಜುಲೈಯಲ್ಲಿ ಲಿಂಡನ್ ಜಾನ್ಸನ್ ಅವರ ಸಹಿಯೊಂದಿಗೆ ಮೆಡಿಕೇರ್ ಮತ್ತು ಮೆಡಿಕೇಡ್ ಬಂದವು. ವೃದ್ಧರ ಮತ್ತು ಬಡವರ ಚಿಕಿತ್ಸೆಗೆ ಸರ್ಕಾರದ ದುಡ್ಡು ಹರಿಯತೊಡಗಿತು. ದುಡ್ಡು ಕೊಡುವವರು ಷರತ್ತನ್ನೂ ಹಾಕಬಹುದು. ಹೊಗೆ ಪತ್ತೆ ಮಾಡುವ ಸಾಧನ, ಬೆಂಕಿ ತಡೆಯುವ ಬಾಗಿಲು, ತುರ್ತು ದೀಪ ಎಲ್ಲವೂ ಹಂತಹಂತವಾಗಿ ಹೀಗೆ ಷರತ್ತುಗಳಾಗಿ ಬಂದವು.

ಆ ಸಂಹಿತೆಯಲ್ಲಿ ಒಂದು ಅಂಕಿ ಇದೆ. ಕರೆಂಟು ಹೋದ ಮೇಲೆ ಹೊರಹೋಗುವ ದಾರಿಯ ತುರ್ತು ದೀಪಗಳು ಕನಿಷ್ಠ 90 ನಿಮಿಷ ಉರಿಯಬೇಕು. ತೊಂಬತ್ತು ನಿಮಿಷ ಯಾಕೆ? ಬೆಂಕಿಯ ಲೆಕ್ಕದಲ್ಲಿ ಅದು ಧಾರಾಳ. ಅಷ್ಟರಲ್ಲಿ ಜನ ಹೊರಬಂದಿರುತ್ತಾರೆ, ಇಲ್ಲವೇ ಬರಲಾಗದೆ ಹೋಗಿರುತ್ತಾರೆ. ಆ ಸಂಹಿತೆಯ ಕಣ್ಣಿನಲ್ಲಿ ವಿದ್ಯುತ್ ಎಂದರೆ ಬೆಳಕು, ಅಪಾಯ ಎಂದರೆ ಕತ್ತಲು, ಪರಿಹಾರ ಎಂದರೆ ಬಾಗಿಲು. ಕಟ್ಟಡದ ಒಳಗೇ ದಿನಗಟ್ಟಲೆ ಉಳಿಯಬೇಕಾದ ಅಪಾಯವೊಂದು ಇರಬಹುದು ಎನ್ನುವ ಕಲ್ಪನೆಯೇ ಅದಕ್ಕಿರಲಿಲ್ಲ.

ಇದಕ್ಕೆ ಪೂರಕವಾಗಿ 1965ರ ನವೆಂಬರ್ 9ರ ಸಂಜೆ ಉತ್ತರ ಅಮೆರಿಕದ ಈಶಾನ್ಯ ಭಾಗದಲ್ಲಿ ದೊಡ್ಡ ಕತ್ತಲು ಕವಿಯಿತು. ಸಂಜೆ 5 ಗಂಟೆ 16 ನಿಮಿಷಕ್ಕೆ ಕೆನಡಾದ ಆಂಟಾರಿಯೋದ ಒಂದು ವಿದ್ಯುತ್ ಕೇಂದ್ರದಲ್ಲಿ ಒಂದು ರಿಲೇ ತಪ್ಪಾಗಿ ಕಡಿದುಕೊಂಡದ್ದೇ ನೆಪವಾಗಿ, ಕೆಲವೇ ನಿಮಿಷಗಳಲ್ಲಿ ಸುಮಾರು 3 ಕೋಟಿ ಜನರಿಗೆ ಕರೆಂಟು ಇಲ್ಲವಾಯಿತು. ನ್ಯೂಯಾರ್ಕಿನಲ್ಲಿ ಅದು ಮರಳಲು 13 ಗಂಟೆ ಹಿಡಿಯಿತು. ಅಂದು ಬೆಳದಿಂಗಳಿತ್ತು, ನವೆಂಬರಿನ ತಂಪಿತ್ತು. ಆ ರಾತ್ರಿಯ ಬಗ್ಗೆ ಬಂದ ಬರಹಗಳಲ್ಲಿ ಒಂದು ಬಗೆಯ ಉಲ್ಲಾಸವೂ ಇದೆ: ಅಪರಿಚಿತರು ಮಾತಾಡಿಕೊಂಡರು, ಮೋಂಬತ್ತಿ ಹಂಚಿಕೊಂಡರು. ಆಸ್ಪತ್ರೆಗಳಿಗೆ ಜನರೇಟರ್ ಬೇಕೇಬೇಕು ಎಂಬ ಪಾಠ ಅಲ್ಲಿಂದ ಬಂತು ನಿಜ. ಆದರೆ ಆ ಪಾಠವೂ ಆಪರೇಷನ್ ಥಿಯೇಟರಿನ ದೀಪದ ಪಾಠ, ಉಸಿರಾಟದ ಯಂತ್ರದ ಪಾಠ. 1977ರ ಜುಲೈ 13ರಂದು ನ್ಯೂಯಾರ್ಕ್ ಮತ್ತೊಮ್ಮೆ, ಈ ಸಲ ಉರಿಬೇಸಿಗೆಯಲ್ಲಿ, ಸುಮಾರು 25 ಗಂಟೆ ಕತ್ತಲಾಯಿತು. ಆ ರಾತ್ರಿಯ ಚರಿತ್ರೆಯನ್ನು ಲೂಟಿ ಮತ್ತು ಬೆಂಕಿ ಆವರಿಸಿಕೊಂಡವು. ಮೂರನೆಯ ಮಹಡಿಯ ಕೋಣೆಯಲ್ಲಿ ಬೆವರುತ್ತಾ ಮಲಗಿದ್ದ ಮುದುಕಿಯ ಕಡೆ ಯಾರ ಗಮನವೂ ಹೋದಂತಿಲ್ಲ.

ನಮ್ಮ ಮನೆಗಳಲ್ಲಿ ಯುಪಿಎಸ್ ಹಾಕಿಸುವಾಗ ಎಲೆಕ್ಟ್ರೀಷಿಯನ್ ಕೇಳುವ ಪ್ರಶ್ನೆ ನಿಮಗೆ ಗೊತ್ತಿರಬಹುದು: ‘ಯಾವ್ಯಾವ ಪಾಯಿಂಟಿಗೆ ಕೊಡಲಿ?’ ನಾಲ್ಕು ದೀಪ, ಎರಡು ಫ್ಯಾನು, ಟೀವಿ. ಗೀಜರ್, ಫ್ರಿಜ್, ಏಸಿ ಹೊರಗೆ. ದೊಡ್ಡ ಕಟ್ಟಡದ ಜನರೇಟರ್ ಕೂಡ ಇಷ್ಟೇ. ‘ಅಲ್ಲಿ ಜನರೇಟರ್ ಇತ್ತಂತೆ’ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ಅದನ್ನು ಯಾವ ಪಾಯಿಂಟಿಗೆ ಕೊಟ್ಟಿದ್ದರು ಎಂದು ಕೇಳಬೇಕು. ನರ್ಸಿಂಗ್ ಹೋಮ್‌ಗಳ ಮಟ್ಟಿಗೆ ಆ ಉತ್ತರವನ್ನು ಬರೆದವರು ಬೆಂಕಿಯನ್ನು ನೆನಪಿಟ್ಟುಕೊಂಡವರು. ಆದ್ದರಿಂದ ದೀಪ, ಅಲಾರಂ, ಬಾಗಿಲಿನ ಮೇಲಿನ ಸೂಚನೆ, ಜೀವರಕ್ಷಕ ಯಂತ್ರ ಇವು ಒಳಗೆ. ಕಟ್ಟಡವನ್ನು ತಂಪಾಗಿಡುವ ಚಿಲ್ಲರ್ ಹೊರಗೆ. ಆ ಕಾಲಕ್ಕೆ ಅದು ತಪ್ಪೂ ಅಲ್ಲ, ಏಕೆಂದರೆ ಚಿಲ್ಲರ್ ಆಗಿನ್ನೂ ಸುಖದ ವಸ್ತುವಾಗಿತ್ತು.

ಅದು ಸುಖದಿಂದ ಜೀವಾಧಾರಕ್ಕೆ ಜಾರಿದ ಕಥೆಯೂ ಫ್ಲೋರಿಡಾದಿಂದಲೇ ಶುರುವಾಗುತ್ತದೆ ಎನ್ನುವುದು ಚರಿತ್ರೆಯ ಒಂದು ವಿಚಿತ್ರ. 1840ರ ದಶಕದಲ್ಲಿ ಅಪಲಾಚಿಕೋಲಾ ಎಂಬ ಬಂದರಿನಲ್ಲಿ ಜಾನ್ ಗೋರಿ ಎಂಬ ವೈದ್ಯನಿದ್ದ. ಜ್ವರದ ರೋಗಿಗಳ ಕೋಣೆಯನ್ನು ತಂಪು ಮಾಡಿದರೆ ಅವರು ಚೇತರಿಸಿಕೊಂಡಾರು ಎನ್ನುವುದು ಅವನ ನಂಬಿಕೆ. ಉತ್ತರದಿಂದ ಹಡಗಿನಲ್ಲಿ ಬರುವ ಮಂಜುಗಡ್ಡೆಯನ್ನು ಸೂರಿನಿಂದ ತೂಗುಹಾಕಿ ನೋಡಿದ. ಹಡಗು ಬಾರದ ದಿನಗಳಿಗೆ ಏನು ಮಾಡುವುದು ಎಂದು ಯೋಚಿಸಿ, ಗಾಳಿಯನ್ನು ಒತ್ತಿ ಹಿಗ್ಗಿಸಿ ಮಂಜು ಮಾಡುವ ಯಂತ್ರವನ್ನೇ ಕಟ್ಟಿದ. 1851ರಲ್ಲಿ ಪೇಟೆಂಟ್ ಸಿಕ್ಕಿತು. ದುಡ್ಡು ಹಾಕುವವರು ಸಿಗಲಿಲ್ಲ. 1855ರಲ್ಲಿ ಸೋತು ಸತ್ತ. ಈಗ ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಫ್ಲೋರಿಡಾದ ಹೆಸರಿನಲ್ಲಿ ಅವನ ಪ್ರತಿಮೆ ನಿಂತಿದೆ. ಅಂದರೆ ಆ ರಾಜ್ಯದಲ್ಲಿ ಯಂತ್ರದ ತಂಪು ಮೊದಲು ಕಾಣಿಸಿಕೊಂಡದ್ದೇ ಆರೈಕೆಯ ಭಾಗವಾಗಿ. ಆಮೇಲೆ ಅದು ಬೇರೆ ದಾರಿ ಹಿಡಿಯಿತು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಬ್ರೂಕ್ಲಿನ್ನಿನ ಒಂದು ಅಚ್ಚುಕೂಟಕ್ಕೆ ಮಾಡಿಕೊಟ್ಟ ಯಂತ್ರದ ಉದ್ದೇಶ ಮನುಷ್ಯರಲ್ಲ, ತೇವಕ್ಕೆ ಹಿಗ್ಗಿ ಕುಗ್ಗುವ ಕಾಗದ. ಸಿನಿಮಾ ಮಂದಿರ, ಅಂಗಡಿ, ಕಚೇರಿಗಳನ್ನು ದಾಟಿ ಅದು ಮನೆ ಸೇರಲು ಎರಡನೇ ಮಹಾಯುದ್ಧ ಮುಗಿಯಬೇಕಾಯಿತು.

ರೇಮಂಡ್ ಆರ್ಸೆನಾಲ್ಟ್ ಎಂಬ ಇತಿಹಾಸಕಾರರು 1984ರಲ್ಲಿ ಬರೆದ ಒಂದು ಪ್ರಬಂಧ ಅಮೆರಿಕದ ದಕ್ಷಿಣವನ್ನು ಏಸಿ ಹೇಗೆ ಬದಲಿಸಿತು ಎನ್ನುವುದನ್ನು ಹೇಳುತ್ತದೆ. ಎತ್ತರದ ಸೂರು, ಅಗಲವಾದ ವರಾಂಡ, ಎದುರುಬದುರು ಕಿಟಕಿ, ನೆರಳಿನ ಮರ ಇದ್ದ ಮನೆಗಳ ಜಾಗದಲ್ಲಿ ತಗ್ಗು ಸೂರಿನ, ಮುಚ್ಚಿದ ಕಿಟಕಿಯ ಕಟ್ಟಡಗಳು ಬಂದವು. ನಮ್ಮ ಕರಾವಳಿ ಮಲೆನಾಡಿನ ಹಳೆ ಮನೆಗಳನ್ನು ನೋಡಿದವರಿಗೆ ಆ ಮೊದಲ ಬಗೆಯ ಮನೆಯ ತರ್ಕವನ್ನು ವಿವರಿಸಬೇಕಿಲ್ಲ. 1950ರಲ್ಲಿ 28 ಲಕ್ಷದಷ್ಟಿದ್ದ ಫ್ಲೋರಿಡಾದ ಜನಸಂಖ್ಯೆ 2020ರ ಹೊತ್ತಿಗೆ 2 ಕೋಟಿ 15 ಲಕ್ಷವಾಯಿತು. ಬಂದವರಲ್ಲಿ ಬಹಳಷ್ಟು ಮಂದಿ ಚಳಿಯ ಊರುಗಳಿಂದ ನಿವೃತ್ತರಾಗಿ ಬಂದವರು. ಏಸಿ ಇಲ್ಲದಿದ್ದರೆ ಅವರು ಬರುತ್ತಿರಲಿಲ್ಲ. ಹೀಗೆ ಒಂದು ಇಡೀ ರಾಜ್ಯ ತನ್ನ ಮುಪ್ಪನ್ನು ಒಂದು ಯಂತ್ರದ ಮೇಲೆ ನಿಲ್ಲಿಸಿತು, ಆ ಯಂತ್ರಕ್ಕೆ ಬದಲಿ ವ್ಯವಸ್ಥೆ ಬೇಕೆಂಬ ನಿಯಮವಿಲ್ಲದೆಯೇ.

ಮುದಿ ಶರೀರಕ್ಕೆ ಸೆಕೆ ಯಾಕೆ ಹೆಚ್ಚು ಅಪಾಯ ಎಂಬುದು ಈಗ ವೈದ್ಯರಿಗೆ ಚೆನ್ನಾಗಿ ಗೊತ್ತಿದೆ. ವಯಸ್ಸಾದಂತೆ ಬೆವರು ಕಡಿಮೆಯಾಗುತ್ತದೆ, ಬಾಯಾರಿಕೆಯ ಅರಿವು ಮಂದವಾಗುತ್ತದೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ದೇಹದ ನೀರನ್ನು ಹೊರಹಾಕುತ್ತವೆ. ಮನೋರೋಗಕ್ಕೆ ಕೊಡುವ ಕೆಲವು ಔಷಧಿಗಳು ಬೆವರನ್ನೇ ತಡೆಯುತ್ತವೆ. ಮರೆವಿನ ಕಾಯಿಲೆಯವರು ಸೆಕೆಯಾಗುತ್ತಿದೆ ಎಂದು ಹೇಳಲಾರರು. 1995ರ ಜುಲೈಯಲ್ಲಿ ಶಿಕಾಗೋದ ಬಿಸಿಗಾಳಿಗೆ ಸತ್ತವರು 700ಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ವೃದ್ಧರು. ಆ ದುರಂತದ ಬಗ್ಗೆ ಎರಿಕ್ ಕ್ಲಿನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು 2002ರಲ್ಲಿ ಒಂದು ಪುಸ್ತಕ ಬರೆದರು. ಒಬ್ಬಂಟಿತನ ಮತ್ತು ಬಡತನ ಹೇಗೆ ಸೆಕೆಯ ಜೊತೆ ಕೈಜೋಡಿಸಿದವು ಎನ್ನುವುದು ಅದರ ವಿಷಯ. ಬಾಗಿಲು ಹಾಕಿಕೊಂಡು ಒಬ್ಬರೇ ಇದ್ದವರು ಸತ್ತರು ಎಂಬ ಆ ಕಥೆ ಪ್ರಸಿದ್ಧವಾಯಿತು. ಹಾಲಿವುಡ್‌ನಲ್ಲಿ ಸತ್ತವರು ಮಾತ್ರ ಒಬ್ಬಂಟಿಗಳಾಗಿರಲಿಲ್ಲ. ಸುತ್ತ ದಾದಿಯರಿದ್ದರು, ಚಾರ್ಟ್‌ಗಳಿದ್ದವು, ರಸ್ತೆ ದಾಟಿದರೆ ಒಂದು ದೊಡ್ಡ ಆಸ್ಪತ್ರೆಯಿತ್ತು.

ಕರೆಂಟಿಲ್ಲದ ಕಟ್ಟಡದಲ್ಲಿ ಇರುವುದೇ ಅಪಾಯವಾದರೆ ಮೊದಲೇ ಎಲ್ಲರನ್ನೂ ಬೇರೆಡೆಗೆ ಸಾಗಿಸಬಾರದೇ? ಈ ಪ್ರಶ್ನೆಗೆ 2005 ಎರಡು ಭಯಾನಕ ಉತ್ತರಗಳನ್ನು ಕೊಟ್ಟಿತು. ಆಗಸ್ಟ್ 29ರಂದು ಕತ್ರಿನಾ ಅಪ್ಪಳಿಸಿದಾಗ ನ್ಯೂ ಆರ್ಲಿಯನ್ಸ್ ಪಕ್ಕದ ಸೇಂಟ್ ರೀಟಾಸ್ ಎಂಬ ನರ್ಸಿಂಗ್ ಹೋಮ್ ತನ್ನವರನ್ನು ಸಾಗಿಸದೆ ಉಳಿಯಿತು. ನೀರು ನುಗ್ಗಿ 35 ಮಂದಿ ಸತ್ತರು. ನಗರದ ಒಳಗೆ ಮೆಮೋರಿಯಲ್ ಮೆಡಿಕಲ್ ಸೆಂಟರ್ ಎಂಬ ಆಸ್ಪತ್ರೆಯಲ್ಲಿ ಜನರೇಟರುಗಳು ಇದ್ದವು, ಆದರೆ ವಿದ್ಯುತ್ ವ್ಯವಸ್ಥೆಯ ಕೆಲವು ಮುಖ್ಯ ಭಾಗಗಳು ನೆರೆನೀರಿಗೆ ಸಿಗುವಷ್ಟು ಕೆಳಗಿದ್ದವು. 31ರ ನಸುಕಿಗೆ ಕರೆಂಟು ಪೂರ್ತಿ ನಿಂತಿತು. ಕೊನೆಗೆ ಆ ಕಟ್ಟಡದಿಂದ ಹೊರತೆಗೆದ ಶವಗಳು 45. ಶೆರಿ ಫಿಂಕ್ ಬರೆದ ‘ಫೈವ್ ಡೇಸ್ ಅಟ್ ಮೆಮೋರಿಯಲ್’ ಓದಿದವರಿಗೆ ಆ ಐದು ದಿನಗಳು ಗೊತ್ತು. ಮೂರು ವಾರ ಕಳೆದು ರೀಟಾ ಎಂಬ ಇನ್ನೊಂದು ಚಂಡಮಾರುತ ಟೆಕ್ಸಸ್ ಕಡೆ ಹೊರಟಾಗ ಎಲ್ಲರೂ ಪಾಠ ಕಲಿತವರಂತೆ ಹೊರಟರು. ಸೆಪ್ಟೆಂಬರ್ 23ರ ಬೆಳಗ್ಗೆ ಡಲ್ಲಾಸ್ ಸಮೀಪ ಹೆದ್ದಾರಿಯಲ್ಲಿ ನರ್ಸಿಂಗ್ ಹೋಮ್‌ನವರನ್ನು ಸಾಗಿಸುತ್ತಿದ್ದ ಒಂದು ಬಸ್ಸಿಗೆ ಬೆಂಕಿ ಹತ್ತಿತು. ಒಳಗೆ ಆಮ್ಲಜನಕದ ಸಿಲಿಂಡರುಗಳಿದ್ದವು. 23 ಮಂದಿ ಸತ್ತರು.

ಉಳಿದರೆ ಒಂದು ಸಾವು, ಹೊರಟರೆ ಇನ್ನೊಂದು. ಹಾಸಿಗೆ ಹಿಡಿದ ತೊಂಬತ್ತರ ವೃದ್ಧರನ್ನು ಗಂಟೆಗಟ್ಟಲೆ ಬಸ್ಸಿನಲ್ಲಿ ಸಾಗಿಸುವುದೇ ಅವರ ಆಯಸ್ಸನ್ನು ಕಡಿಮೆ ಮಾಡುತ್ತದೆ ಎಂದು ಮುಂದಿನ ವರ್ಷಗಳ ಅಧ್ಯಯನಗಳು ತೋರಿಸಿದವು. ಹಾಗಾದರೆ ಇದ್ದಲ್ಲೇ ಉಳಿಯುವುದು ಮೇಲು; ಆದರೆ ಇದ್ದಲ್ಲೇ ಉಳಿಯುವುದಕ್ಕೆ ಆ ಜಾಗ ಇರಲು ಯೋಗ್ಯವಾಗಿರಬೇಕಲ್ಲ! ಬದಲಿ ವಿದ್ಯುತ್ತಿನ ಪ್ರಶ್ನೆ ನಿಜವಾಗಿ ಹುಟ್ಟಿದ್ದು ಇಲ್ಲಿ. ಕೇಂದ್ರ ಸರ್ಕಾರ 2016ರ ಸೆಪ್ಟೆಂಬರಿನಲ್ಲಿ ಹೊಸ ತುರ್ತುಸಿದ್ಧತೆಯ ನಿಯಮ ಪ್ರಕಟಿಸಿತು. ಮೆಡಿಕೇರ್ ಹಣ ಪಡೆಯುವ ಸಂಸ್ಥೆಗಳು ರೋಗಿಗಳ ಆರೋಗ್ಯ ಕಾಪಾಡುವಷ್ಟು ತಾಪಮಾನ ಇರುವಂತೆ ಬದಲಿ ಶಕ್ತಿಮೂಲದ ಯೋಜನೆ ಮಾಡಿಕೊಳ್ಳಬೇಕು ಎಂದು ಅದು ಹೇಳಿತು. ಜನರೇಟರನ್ನೇ ಇಡಬೇಕು ಎನ್ನಲಿಲ್ಲ. ಅದನ್ನು ಪಾಲಿಸಲು ಕೊನೆಯ ದಿನ 2017ರ ನವೆಂಬರ್ 15.

ಇರ್ಮಾ ಬಂದದ್ದು ಅದಕ್ಕೂ ಎರಡು ತಿಂಗಳು ಮೊದಲು, ಸೆಪ್ಟೆಂಬರ್ 10, ಭಾನುವಾರ.

ಹಾಲಿವುಡ್ ಹಿಲ್ಸ್ ಪುನರ್ವಸತಿ ಕೇಂದ್ರ ಎರಡು ಮಹಡಿಯ ಕಟ್ಟಡ. ಸುಮಾರು 140 ಮಂದಿ ಅಲ್ಲಿದ್ದರು. ಆ ಮಧ್ಯಾಹ್ನ ಏಸಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಹೋಯಿತು. ಉಳಿದ ಕಟ್ಟಡಕ್ಕೆ ಕರೆಂಟು ಇದ್ದೇ ಇತ್ತು. ದೀಪ ಉರಿಯುತ್ತಿತ್ತು, ಅಡುಗೆಮನೆ ನಡೆಯುತ್ತಿತ್ತು, ಫೋನು ಕೆಲಸ ಮಾಡುತ್ತಿತ್ತು. ಜನರೇಟರ್ ಕೂಡ ಇತ್ತು. ಅದರ ಪಾಯಿಂಟುಗಳಲ್ಲಿ ಚಿಲ್ಲರ್ ಇರಲಿಲ್ಲ, ಇರಬೇಕೆಂಬ ಕಾನೂನೂ ಇರಲಿಲ್ಲ. ಬೆಂಕಿಯ ಕಾಲದ ಸಂಹಿತೆ ಅಪಾಯ ಎಂದು ಗುರುತಿಸುವ ಯಾವುದೂ ಅಲ್ಲಿ ಆಗಿರಲಿಲ್ಲ. ಎಲ್ಲವೂ ಬೆಳಕಿನಲ್ಲೇ ನಡೆಯಿತು.

ಸಿಬ್ಬಂದಿ ಫೋನು ಮಾಡಿದರು. ವಿದ್ಯುತ್ ಕಂಪನಿಗೆ, ರಾಜ್ಯದ ತುರ್ತು ಸಂಖ್ಯೆಗೆ, ಗವರ್ನರ್ ರಿಕ್ ಸ್ಕಾಟ್ ತುರ್ತಿಗೆಂದು ಕೊಟ್ಟಿದ್ದ ಮೊಬೈಲ್ ಸಂಖ್ಯೆಗೂ. ಗವರ್ನರರ ಫೋನಿನಲ್ಲಿ ಬಿಟ್ಟ ಧ್ವನಿಸಂದೇಶಗಳು ಆಮೇಲೆ ಅಳಿಸಿಹೋಗಿದ್ದವು ಎನ್ನುವುದು ದೊಡ್ಡ ರಾಜಕೀಯ ವಿವಾದವಾಯಿತು. ಕರೆಂಟನ್ನು ಮೊದಲು ಎಲ್ಲಿ ಸರಿಪಡಿಸಬೇಕು ಎಂಬ ಪಟ್ಟಿಯಲ್ಲಿ ಆಸ್ಪತ್ರೆಗಳು ಮೇಲಿದ್ದವು. ನರ್ಸಿಂಗ್ ಹೋಮ್‌ಗೆ ಆ ಸ್ಥಾನ ಇರಲಿಲ್ಲ. ಅರ್ಧ ಮನೆ, ಅರ್ಧ ಆಸ್ಪತ್ರೆ ಎಂದೆನಲ್ಲ, ಪಟ್ಟಿ ಮಾಡುವ ಹೊತ್ತಿಗೆ ಅದು ಮನೆಯಾಗಿಬಿಡುತ್ತದೆ. ಒಳಗೆ ಫ್ಯಾನುಗಳನ್ನೂ, ಉರುಳಿಸಿಕೊಂಡು ಹೋಗುವ ಸಣ್ಣ ಕೂಲರುಗಳನ್ನೂ ತಂದು ಇಟ್ಟರು. ಆ ಕೂಲರುಗಳು ಬಿಸಿಗಾಳಿಯನ್ನು ಎಲ್ಲಿಯಾದರೂ ಬಿಡಲೇಬೇಕು. ಅದನ್ನು ಸೂರಿನೊಳಗಿನ ಖಾಲಿ ಜಾಗಕ್ಕೆ ಬಿಡಲಾಯಿತು. ಕೆಳಗಿನ ಮಹಡಿ ಅಷ್ಟಿಷ್ಟು ತಣಿದರೆ ಮೇಲಿನ ಮಹಡಿ ಕಾಯಿತು. ಸತ್ತವರಲ್ಲಿ ಹೆಚ್ಚಿನವರು ಮೇಲಿನ ಮಹಡಿಯವರು.

ಬುಧವಾರ, 13ರ ನಸುಕು 3 ಗಂಟೆಯ ಹೊತ್ತಿಗೆ ಮೊದಲ ತುರ್ತು ಕರೆ ಹೋಯಿತು. ಆಮೇಲೆ ಇನ್ನೊಂದು, ಮತ್ತೊಂದು. ಒಂದೇ ಕಟ್ಟಡದಿಂದ ಹೀಗೆ ಒಬ್ಬರ ಹಿಂದೊಬ್ಬರು ಬರುತ್ತಿದ್ದುದನ್ನು ಕಂಡ ಎದುರಿನ ಆಸ್ಪತ್ರೆಯವರು ತಾವೇ ರಸ್ತೆ ದಾಟಿ ಬಂದು ನೋಡಿ ಇಡೀ ಕಟ್ಟಡವನ್ನು ಖಾಲಿ ಮಾಡಿಸಿದರು. ಕೆಲವರ ಮೈ 108 ಡಿಗ್ರಿ ಫ್ಯಾರನ್‌ಹೀಟ್ ಮೀರಿತ್ತು. ಅಂದೇ ಎಂಟು ಸಾವು ವರದಿಯಾದವು. ಒಟ್ಟು ಹನ್ನೆರಡು ಸಾವುಗಳನ್ನು ವೈದ್ಯಾಧಿಕಾರಿಗಳು ನರಹತ್ಯೆ ಎಂದು ದಾಖಲಿಸಿದರು. ಸಂಸ್ಥೆಯ ಪರವಾನಗಿ ಹೋಯಿತು. 2019ರಲ್ಲಿ ನಾಲ್ವರು ಸಿಬ್ಬಂದಿಯ ಬಂಧನವಾಯಿತು. ಮೂವರು ದಾದಿಯರ ಮೇಲಿನ ಆರೋಪಗಳನ್ನು 2022ರಲ್ಲಿ ಕೈಬಿಡಲಾಯಿತು, ಮುಖ್ಯಸ್ಥರನ್ನು 2023ರ ಫೆಬ್ರವರಿಯಲ್ಲಿ ನ್ಯಾಯಾಧೀಶರೇ ವಿಚಾರಣೆಯ ನಡುವೆ ಖುಲಾಸೆ ಮಾಡಿದರು. ಸೇಂಟ್ ರೀಟಾಸ್‌ನ ಮಾಲೀಕರೂ 2007ರಲ್ಲಿ ಹೀಗೆಯೇ ಖುಲಾಸೆಯಾಗಿದ್ದರು. ನ್ಯಾಯಾಲಯದ ಮುಂದೆ ಒಬ್ಬ ಮನುಷ್ಯನ ತಪ್ಪನ್ನು ಇಡಬೇಕು. ಇಲ್ಲಿ ತಪ್ಪು ಒಂದು ವೈರಿಂಗ್ ನಕ್ಷೆಯಲ್ಲಿತ್ತು, ಒಂದು ಆದ್ಯತಾ ಪಟ್ಟಿಯಲ್ಲಿತ್ತು, 2006ರಲ್ಲಿ ಬಿದ್ದ ಒಂದು ಮಸೂದೆಯಲ್ಲಿತ್ತು. ಹಾಗೆಂದು ಆ ಮೂರು ದಿನ ಒಳಗಿದ್ದವರ ಹೊಣೆ ಏನೂ ಇಲ್ಲ ಎಂದು ನಾನು ಹೇಳಲಾರೆ. ಎದುರಿನ ಆಸ್ಪತ್ರೆಯಲ್ಲಿ ಏಸಿ ಇತ್ತು, ದಾರಿ ಕೆಲವೇ ಹೆಜ್ಜೆ.

ಮೂರು ದಿನ ಕಳೆದು, ಸೆಪ್ಟೆಂಬರ್ 16ರಂದು ಗವರ್ನರ್ ತುರ್ತು ನಿಯಮ ಹೊರಡಿಸಿದರು: ಪ್ರತಿ ನರ್ಸಿಂಗ್ ಹೋಮ್, ಪ್ರತಿ ನೆರವಿನ ವಾಸಕೇಂದ್ರ 60 ದಿನಗಳಲ್ಲಿ ಜನರೇಟರ್ ಮತ್ತು 96 ಗಂಟೆಗಳಿಗೆ ಸಾಕಾಗುವ ಇಂಧನ ಇಟ್ಟುಕೊಂಡು ಒಳಗಿನ ತಾಪವನ್ನು ಹಿಡಿತದಲ್ಲಿಡಬೇಕು. ಆ ರಾಜ್ಯದಲ್ಲಿ ಸುಮಾರು 700 ನರ್ಸಿಂಗ್ ಹೋಮ್‌ಗಳೂ, 3,000ದಷ್ಟು ನೆರವಿನ ವಾಸಕೇಂದ್ರಗಳೂ ಇದ್ದವು. ದೊಡ್ಡ ಜನರೇಟರ್ ಎಂದರೆ ಅಂಗಡಿಯಿಂದ ಎತ್ತಿಕೊಂಡು ಬರುವ ವಸ್ತುವಲ್ಲ. ಎಂಜಿನಿಯರ್ ನಕ್ಷೆ ಬರೆಯಬೇಕು, ಡೀಸೆಲ್ ಟ್ಯಾಂಕಿಗೆ ಸ್ಥಳೀಯ ಪರವಾನಗಿ ಬೇಕು, ಚಿಲ್ಲರಿನ ಮೋಟಾರು ಶುರುವಾಗುವಾಗ ಎಳೆಯುವ ಭಾರೀ ಕರೆಂಟನ್ನು ತಡೆಯುವಷ್ಟು ಸಾಮರ್ಥ್ಯ ಇರಬೇಕು. ಉದ್ಯಮದ ಸಂಘಗಳು ಪ್ರಶ್ನಿಸಿದವು. ಅಕ್ಟೋಬರಿನಲ್ಲಿ ಆಡಳಿತ ನ್ಯಾಯಾಧೀಶರು ತುರ್ತು ನಿಯಮ ಅಸಿಂಧು ಎಂದರು. ಸರ್ಕಾರ ಮೇಲ್ಮನವಿ ಹೋಯಿತು. ಜಗ್ಗಾಟ ನಡೆದು 2018ರ ಮಾರ್ಚ್‌ನಲ್ಲಿ ಶಾಶ್ವತ ನಿಯಮಗಳಿಗೆ ಶಾಸನಸಭೆಯ ಒಪ್ಪಿಗೆ ಸಿಕ್ಕಿತು.

ಆ ನಿಯಮಗಳನ್ನು ಓದುವುದು ನನಗೆ ಕುತೂಹಲದ ಕೆಲಸ, ಏಕೆಂದರೆ ರಾಜಿ ಎಲ್ಲೆಲ್ಲಿ ಆಯಿತು ಎಂದು ಅಂಕಿಗಳೇ ಹೇಳುತ್ತವೆ. 96 ಗಂಟೆ ಉಳಿಯಿತು. ಆದರೆ ಅಷ್ಟೂ ಇಂಧನ ಸದಾ ಆವರಣದಲ್ಲಿ ಇರಬೇಕಿಲ್ಲ; ಸಾಮಾನ್ಯ ದಿನಗಳಲ್ಲಿ 72 ಗಂಟೆಯಷ್ಟು, ತೀರ ಸಣ್ಣ ವಾಸಕೇಂದ್ರಗಳಿಗೆ 48. ಉಳಿದದ್ದನ್ನು ತುರ್ತುಸ್ಥಿತಿ ಘೋಷಣೆಯಾದಾಗ ತರಿಸಿಕೊಳ್ಳಬಹುದು. ತಾಪದ ಮಿತಿ 81 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 27 ಡಿಗ್ರಿ ಸೆಲ್ಸಿಯಸ್ ಚಿಲ್ಲರೆ. ಈ 81 ಎಲ್ಲಿಂದ ಬಂತು? ಅದು ಇರ್ಮಾದ ಪಾಠವಲ್ಲ. 1990ರ ಅಕ್ಟೋಬರ್ ನಂತರ ಮಾನ್ಯತೆ ಪಡೆದ ನರ್ಸಿಂಗ್ ಹೋಮ್‌ಗಳಲ್ಲಿ ತಾಪಮಾನ 71ರಿಂದ 81 ಡಿಗ್ರಿಯೊಳಗೆ ಇರಬೇಕು ಎಂದು ಕೇಂದ್ರದ ನಿಯಮ ಆಗಲೇ ಹೇಳುತ್ತಿತ್ತು. ಅಲ್ಲಿ ಅದು ನೆಮ್ಮದಿಯ ಮಾನದಂಡ, ವಾಸಿಸುವವರ ಹಕ್ಕುಗಳ ಪಟ್ಟಿಯ ಒಂದು ಸಾಲು. ಅದೇ ಅಂಕಿ ಫ್ಲೋರಿಡಾದ ನಿಯಮಕ್ಕೆ ಬಂದು ಬದುಕು ಸಾವಿನ ಗೆರೆಯಾಯಿತು.

ಇಡೀ ಕಟ್ಟಡವನ್ನು ತಂಪಾಗಿಡಬೇಕಿಲ್ಲ ಎನ್ನುವುದು ದೊಡ್ಡ ರಾಜಿ. ನರ್ಸಿಂಗ್ ಹೋಮ್‌ನಲ್ಲಿ ಒಬ್ಬರಿಗೆ 30 ಚದರಡಿ, ನೆರವಿನ ವಾಸಕೇಂದ್ರದಲ್ಲಿ 20 ಚದರಡಿ ತಂಪಾದ ಜಾಗ ಇದ್ದರೆ ಸಾಕು. 30 ಚದರಡಿ ಎಂದರೆ ಆರಡಿ ಉದ್ದ, ಐದಡಿ ಅಗಲ. ಮದುವೆ ಮನೆಯಲ್ಲಿ ರಾತ್ರಿ ಜಮಖಾನ ಹಾಸಿ ಒತ್ತೊತ್ತಾಗಿ ಮಲಗುವವರ ಲೆಕ್ಕಕ್ಕಿಂತ ತುಸು ಹೆಚ್ಚು. ಊಟದ ಹಾಲಿನಲ್ಲಿ ಎಲ್ಲರ ಹಾಸಿಗೆಗಳನ್ನೂ ತಂದು ಸಾಲಾಗಿಟ್ಟು ನಾಲ್ಕು ದಿನ ಕಳೆಯುವುದು ಆ ನಿಯಮದ ಚಿತ್ರ. ಘನತೆಯ ಚಿತ್ರವೇನಲ್ಲ. ಆದರೆ ಜೀವ ಉಳಿಯುತ್ತದೆ.

ಫ್ರಾನ್ಸ್ ಇದೇ ಉತ್ತರಕ್ಕೆ ಬೇರೆ ಬಾಗಿಲಿನಿಂದ ಬಂದಿತ್ತು, ಅದೂ ಹತ್ತಕ್ಕೂ ಹೆಚ್ಚು ವರ್ಷ ಮೊದಲೇ. 2003ರ ಆಗಸ್ಟ್‌ನ ಬಿಸಿಗಾಳಿಗೆ ಅಲ್ಲಿ ಸುಮಾರು 15,000 ಮಂದಿ ಹೆಚ್ಚುವರಿಯಾಗಿ ಸತ್ತರು, ಬಹುಪಾಲು ವೃದ್ಧರು. ಅಲ್ಲಿ ಕರೆಂಟು ಹೋಗಿರಲಿಲ್ಲ. ಅಲ್ಲಿನ ವೃದ್ಧಗೃಹಗಳಲ್ಲಿ ತಂಪು ಮಾಡುವ ವ್ಯವಸ್ಥೆಯೇ ಅಪರೂಪವಾಗಿತ್ತು. 2005ರಲ್ಲಿ ಪ್ರತಿ ವೃದ್ಧಗೃಹದಲ್ಲೂ ಕನಿಷ್ಠ ಒಂದು ತಂಪಾದ ಕೋಣೆ ಇರಬೇಕೆಂಬ ಆದೇಶ ಬಂತು. ವಿದ್ಯುತ್ ಜಾಲ ಕೈಕೊಟ್ಟಾಗ ಒಳಗಿರುವವರ ಸುರಕ್ಷತೆಗೆ ಏನು ಮಾಡಬೇಕೆಂಬ ಪ್ರತ್ಯೇಕ ಆದೇಶ 2007ರಲ್ಲಿ. ದುಡ್ಡಿನ ಪ್ರಶ್ನೆಗೆ ಅವರು ಕಂಡುಕೊಂಡ ದಾರಿ ನನಗೆ ಹಿಡಿಸಿದ್ದು. 2004ರ ಕಾನೂನೊಂದರ ಪ್ರಕಾರ ದುಡಿಯುವವರೆಲ್ಲ ವರ್ಷಕ್ಕೊಂದು ದಿನ ಸಂಬಳವಿಲ್ಲದೆ ದುಡಿಯಬೇಕು. ಆ ದಿನದ ಲೆಕ್ಕದಲ್ಲಿ ಮಾಲೀಕರು ಕಟ್ಟುವ ಹಣ ವೃದ್ಧರ ಮತ್ತು ಅಂಗವಿಕಲರ ಆರೈಕೆಗೆ. ಶುರುವಿನಲ್ಲಿ ಅದಕ್ಕೆ ಗೊತ್ತಾದದ್ದು ಪೆಂಟೆಕಾಸ್ಟ್ ಹಬ್ಬದ ಸೋಮವಾರದ ರಜೆ. ಜನ ಗೊಣಗಿದರು, ಮುಷ್ಕರವೂ ಆಯಿತು. ಆದರೂ ಮುದುಕರ ತಂಪಿಗೆ ಯಾರು ತೆರಬೇಕು ಎಂಬ ಪ್ರಶ್ನೆಯನ್ನು ಅಲ್ಲಿ ಬಹಿರಂಗವಾಗಿ ಕೇಳಲಾಯಿತು. ಫ್ಲೋರಿಡಾದಲ್ಲಿ ಅದು ಮಾಲೀಕರ ಮತ್ತು ಸರ್ಕಾರದ ವಕೀಲರ ನಡುವಿನ ಮಾತಾಗಿ ಉಳಿಯಿತು.

ಜನರೇಟರ್ ಇಟ್ಟ ಮೇಲೂ ಕೆಲಸ ಮುಗಿಯುವುದಿಲ್ಲ ಎನ್ನುವುದನ್ನು ಇಲ್ಲಿ ಸೇರಿಸಬೇಕು. ನಿಂತಲ್ಲೇ ನಿಂತ ಡೀಸೆಲ್ ಕೆಡುತ್ತದೆ. ಬ್ಯಾಟರಿ ಇಳಿಯುತ್ತದೆ. ಹೊಗೆ ಒಳನುಗ್ಗಿದರೆ ಸೆಕೆಗಿಂತ ಬೇಗ ಕೊಲ್ಲುತ್ತದೆ. ತಿಂಗಳಿಗೊಮ್ಮೆ ಕನಿಷ್ಠ 30 ನಿಮಿಷ, ಸಾಕಷ್ಟು ಲೋಡ್ ಕೊಟ್ಟು ಓಡಿಸಿ ನೋಡಬೇಕೆಂದು ಸಂಹಿತೆ ಹೇಳುತ್ತದೆ. ಲೋಡಿಲ್ಲದೆ ಸುಮ್ಮನೆ ಓಡಿಸಿದರೆ ಡೀಸೆಲ್ ಪೂರ್ತಿ ಉರಿಯದೆ ಎಂಜಿನ್ ಕಟ್ಟಿಕೊಳ್ಳುತ್ತದೆ. ಡೀಸೆಲ್ ಒಂದೇ ದಾರಿಯಲ್ಲ ಎಂಬ ಮಾತೂ ಬಲವಾಗುತ್ತಿದೆ: 2023ರ ಮಾರ್ಚ್‌ನಲ್ಲಿ ಕೇಂದ್ರದ ಮೆಡಿಕೇರ್ ಇಲಾಖೆ ಬ್ಯಾಟರಿ, ಸೌರಫಲಕ ಮುಂತಾದವನ್ನು ಜೋಡಿಸಿದ ಮೈಕ್ರೋಗ್ರಿಡ್‌ಗಳನ್ನೂ ತುರ್ತು ವಿದ್ಯುತ್ತಿನ ಮೂಲವೆಂದು ಒಪ್ಪಿತು. ಇನ್ನು ನಿಯಮ ಎಷ್ಟೇ ಇದ್ದರೂ ತಪ್ಪಿಸುವವರು ತಪ್ಪಿಸುತ್ತಾರೆ. 2021ರ ಆಗಸ್ಟ್‌ನಲ್ಲಿ ಇಡಾ ಚಂಡಮಾರುತ ಬರುವಾಗ ಲೂಸಿಯಾನಾದಲ್ಲಿ ಒಬ್ಬನೇ ಮಾಲೀಕನ ಏಳು ನರ್ಸಿಂಗ್ ಹೋಮ್‌ಗಳ 843 ಮಂದಿಯನ್ನು ಒಂದು ಗೋದಾಮಿಗೆ ಸಾಗಿಸಿ ನೆಲದ ಮೇಲೆ ಹಾಸಿಗೆ ಹಾಕಿ ಮಲಗಿಸಿದರು. ಕಾಗದದ ಮೇಲೆ ಅದೂ ಒಂದು ತುರ್ತುಯೋಜನೆಯೇ ಆಗಿತ್ತು.

ಹಾಲಿವುಡ್‌ನ ಹನ್ನೆರಡು ಸಾವುಗಳು ಸುದ್ದಿಯಾದವು, ಏಕೆಂದರೆ ಅವು ಒಂದೇ ಕಟ್ಟಡದ ಸಾವುಗಳಾಗಿ ಎಣಿಕೆಗೆ ಸಿಕ್ಕವು. ಉಳಿದವು ಸಿಗಲಿಲ್ಲ. ಸಂಶೋಧಕರು 2020ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇರ್ಮಾ ಬಂದಾಗ ಫ್ಲೋರಿಡಾದ ನರ್ಸಿಂಗ್ ಹೋಮ್‌ಗಳಲ್ಲಿದ್ದ 61,000ಕ್ಕೂ ಹೆಚ್ಚು ಮಂದಿಯನ್ನು, ಚಂಡಮಾರುತವಿಲ್ಲದ 2015ರಲ್ಲಿ ಅದೇ ದಿನಗಳಲ್ಲಿ ಅಲ್ಲಿದ್ದವರ ಜೊತೆ ಹೋಲಿಸಿತು. 30 ದಿನಗಳಲ್ಲಿ 262 ಸಾವು ಹೆಚ್ಚು, 90 ದಿನಗಳಲ್ಲಿ 433 ಹೆಚ್ಚು. ಮರುವರ್ಷ ಬಂದ ಇನ್ನೊಂದು ಅಧ್ಯಯನ ಕರೆಂಟು ಹೋದ ಮತ್ತು ಹೋಗದ ನರ್ಸಿಂಗ್ ಹೋಮ್‌ಗಳನ್ನು ಬೇರ್ಪಡಿಸಿ ನೋಡಿತು. ಕರೆಂಟು ಹೋದ ಕಡೆ ಮೊದಲ ಏಳು ದಿನಗಳಲ್ಲಿ ಸಾವಿನ ಸಂಭವ ಸುಮಾರು 25 ಶೇಕಡ ಹೆಚ್ಚಿತ್ತು. ಆ ನೂರಾರು ಮಂದಿಯ ಮರಣಪತ್ರಗಳಲ್ಲಿ ಹೃದಯಾಘಾತ, ನ್ಯುಮೋನಿಯಾ, ವಯೋಸಹಜ ಎಂದೇ ಇರುತ್ತದೆ. ಇರ್ಮಾ ಎಂದಾಗಲೀ ಕರೆಂಟು ಎಂದಾಗಲೀ ಇರುವುದಿಲ್ಲ.